ಎರಡು ಓದು, ಒಂದು ಪ್ರಶ್ನೆ: ವಿದ್ಯಾರ್ಥಿ ಅಂಬೇಡ್ಕರ್

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಮೂರು ವರ್ಷಗಳಿಂದ ಜೂನಿಯರ್ ಆಗಿ ದುಡಿಯುತ್ತಿರುವ ಹುಡುಗಿ. ಅವಳ ಮನೆತನದಲ್ಲಿ ಕರಿ ಕೋಟು ತೊಟ್ಟವರಲ್ಲಿ ಅವಳೇ ಮೊದಲಿಗಳು. ಅವಳ ಕೈಯಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಎರಡು ಪ್ರವೇಶ ಪತ್ರಗಳಿದ್ದವು. ಒಂದು, ಹನ್ನೆರಡು ತಿಂಗಳಲ್ಲಿ ಮುಗಿಯುವ ಎಲ್‌ಎಲ್‌.ಎಂ. ಇನ್ನೊಂದು, ಕಾನೂನನ್ನೂ ಅರ್ಥಶಾಸ್ತ್ರವನ್ನೂ ಒಟ್ಟಿಗೆ ಓದಿಸುವ ಎರಡು ವರ್ಷಗಳ ಜೋಡಿ ಪದವಿ. ಅವುಗಳ ಕೆಳಗೆ ಬ್ಯಾಂಕ್ ಸಾಲದ ಅರ್ಜಿ. ಊರಿನಲ್ಲಿರುವ ಎರಡು ಎಕರೆ ಜಮೀನನ್ನು ಅಡಮಾನ ಇಡಲು ತಂದೆ ಒಪ್ಪಿದ್ದಾರೆಂದು ತಗ್ಗಿದ ದನಿಯಲ್ಲಿ ಹೇಳಿದಳು. ಯಾವುದನ್ನು ಆರಿಸಿಕೊಳ್ಳಲಿ ಎಂಬುದು ಅವಳ ಪ್ರಶ್ನೆ.

ಕಾನೂನು ಬೋಧಿಸುತ್ತಲೇ ನಿವೃತ್ತನಾದ ನನಗೆ ಈ ಪ್ರಶ್ನೆ ಸುಲಭದ್ದಾಗಿರಬೇಕಿತ್ತು. ಆದರೆ ನಾನು ಕೊಂಚ ಅಳುಕಿದೆ. ನಾನೂ ಎಲ್‌ಎಲ್‌.ಎಂ. ಮಾಡಿದವನೇ. ಪ್ರಬಂಧದ ವಿಷಯವನ್ನು ಮಾರ್ಗದರ್ಶಕರು ಆರಿಸಿಕೊಟ್ಟರು, ನಾನು ಬರೆದುಕೊಟ್ಟೆ, ಪದವಿ ಬಂತು, ಅದರ ಹಿಂದೆಯೇ ಬಡ್ತಿಯೂ ಬಂತು. ಆ ಪ್ರಬಂಧವನ್ನು ಅನಂತರ ಯಾರೂ ತೆರೆದಿರಲಾರರು, ನಾನಂತೂ ತೆರೆದಿಲ್ಲ. ಇಂಥವನು ಇನ್ನೊಬ್ಬರ ಜಮೀನಿನ ಮೇಲೆ ಯಾವ ಸಲಹೆ ಕೊಡಬಲ್ಲ?

ಹಾಗಾಗಿ ತರಗತಿಯಲ್ಲಿ ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಕೇಳುತ್ತಿದ್ದ ಒಂದು ಪ್ರಶ್ನೆಯನ್ನು ಅವಳಿಗೆ ನೆನಪಿಸಿದೆ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಯಾವ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಡಾಕ್ಟರೇಟ್ ಪಡೆದರು? ಕೊಲಂಬಿಯಾ ಎಂದು ಕೆಲವರು, ಲಂಡನ್ ಎಂದು ಕೆಲವರು ಹೇಳುತ್ತಿದ್ದರು. ಎರಡೂ ಸರಿಯಲ್ಲ. ಅವರು ಓದಿ ಗಳಿಸಿದ ಎರಡು ಡಾಕ್ಟರೇಟ್‌ಗಳೂ ಅರ್ಥಶಾಸ್ತ್ರದವು. ಕಾನೂನಿನಲ್ಲಿ ಅವರಿಗಿದ್ದದ್ದು ಲಂಡನ್ನಿನ ಗ್ರೇಸ್ ಇನ್ ನೀಡಿದ ಬ್ಯಾರಿಸ್ಟರ್ ಅರ್ಹತೆ. ಅದು ವೃತ್ತಿಯ ಪರವಾನಗಿಯೇ ಹೊರತು ವಿಶ್ವವಿದ್ಯಾಲಯದ ಪದವಿಯಲ್ಲ. ಕೊಲಂಬಿಯಾ ಅವರಿಗೆ ಎಲ್‌ಎಲ್‌.ಡಿ. ಕೊಟ್ಟದ್ದು ನಿಜ, ಆದರೆ ಅದು 1952ರಲ್ಲಿ, ಗೌರವಾರ್ಥವಾಗಿ; ಸಂವಿಧಾನ ಜಾರಿಗೆ ಬಂದು ಎರಡು ವರ್ಷ ಕಳೆದ ಮೇಲೆ. ಈ ಸಂಗತಿಯನ್ನು ಅವರ ಹಿರಿಮೆ ಕುಗ್ಗಿಸಲು ಹೇಳುತ್ತಿಲ್ಲ. ಕಾನೂನನ್ನು ಮತ್ತೊಂದು ಶಾಸ್ತ್ರದೊಡನೆ ಹೆಣೆದು ಓದುವುದೆಂದರೇನು ಎಂಬುದಕ್ಕೆ ನಮ್ಮ ದೇಶದಲ್ಲಿ ಅವರ ವಿದ್ಯಾರ್ಥಿ ಜೀವನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

1891ರ ಏಪ್ರಿಲ್ 14ರಂದು ಮ್ಹೌ ದಂಡು ಪ್ರದೇಶದಲ್ಲಿ ಜನಿಸಿದ ಭೀಮರಾವ್, ಸೇನೆಯಲ್ಲಿ ಸುಬೇದಾರರಾಗಿದ್ದ ರಾಮ್‌ಜಿ ಸಕ್ಪಾಲರ ಮಗ. ಮುಂಬೈನ ಎಲ್ಫಿನ್‌ಸ್ಟನ್ ಶಾಲೆಯಿಂದ 1907ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದಾಗ ಅವರ ಸಮುದಾಯ ಅದನ್ನು ಸಮಾರಂಭ ಮಾಡಿ ಸಂಭ್ರಮಿಸಿತು. ಕಾಲೇಜಿನ ಓದಿಗೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಟ್ಟರು. ಬಿ.ಎ. ಮುಗಿದ ಮೇಲೆ, 1913ರಲ್ಲಿ, ಅಮೆರಿಕದಲ್ಲಿ ಓದಲು ಅದೇ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನ ಮಂಜೂರು ಮಾಡಿತು. ಅವಧಿ ಮೂರು ವರ್ಷ. ಷರತ್ತು, ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ. ಅದಕ್ಕೊಂದು ಕರಾರು ಪತ್ರ. ಅದೇ ವರ್ಷ ಫೆಬ್ರುವರಿಯಲ್ಲಿ ತಂದೆ ತೀರಿಕೊಂಡಿದ್ದರು. ಹೀಗೆ ಇಪ್ಪತ್ತೆರಡರ ತರುಣ ಕರಾರಿಗೆ ಸಹಿ ಹಾಕಿ ಹಡಗು ಹತ್ತಿದ.

ಕೊಲಂಬಿಯಾದಲ್ಲಿ ಅವರು ಸೇರಿದ್ದು ರಾಜ್ಯಶಾಸ್ತ್ರ ನಿಕಾಯವನ್ನು. ಅಲ್ಲಿ ಅವರು ಆಯ್ದುಕೊಂಡ ಪಠ್ಯಗಳ ಲೆಕ್ಕವನ್ನು ಈಗಲೂ ನೋಡಿ ಬೆರಗಾಗುತ್ತೇನೆ: ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜಕೀಯ 3, ಜೊತೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಪ್ರಾಥಮಿಕ ಪಾಠ ಒಂದೊಂದು. ಒಂದು ಪದವಿಗೆ ಇಷ್ಟು ಬೇಕಿರಲಿಲ್ಲ. ಮೂರು ವರ್ಷ ಮುಗಿದರೆ ಬಾಗಿಲು ಮುಚ್ಚುತ್ತದೆಂದು ಬಲ್ಲವನ ಹಸಿವು ಅದು. ಸಾರ್ವಜನಿಕ ಹಣಕಾಸಿನ ವಿದ್ವಾಂಸ ಎಡ್ವಿನ್ ಸೆಲಿಗ್‌ಮನ್, ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರ ಗುರುಗಳಾದರು. ಪ್ರಾಚೀನ ಭಾರತದ ವಾಣಿಜ್ಯದ ಮೇಲೆ ಬರೆದ ಪ್ರಬಂಧಕ್ಕೆ 1915ರಲ್ಲಿ ಎಂ.ಎ. ಬಂತು. 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಉಗಮವನ್ನು ಕುರಿತು ಪ್ರಬಂಧ ಮಂಡಿಸಿದರು. ಅದರ ಜೊತೆಗೇ ಭಾರತದ ಸಾರ್ವಜನಿಕ ಹಣಕಾಸನ್ನು ಕುರಿತ ಸಂಶೋಧನೆ ಸಾಗಿತ್ತು. ತೆರಿಗೆಯನ್ನು ಯಾರು ಎತ್ತುತ್ತಾರೆ, ಯಾರು ಖರ್ಚು ಮಾಡುತ್ತಾರೆ, ತೆತ್ತವನಿಗೆ ಅದರಲ್ಲಿ ಮಾತಿದೆಯೇ ಎಂಬ ಪ್ರಶ್ನೆ ಅಲ್ಲಿಂದಲೇ ಅವರ ಬೆನ್ನು ಹತ್ತಿತು.

ಅದು ಉತ್ತರಕ್ಕಾಗಿ ಕಾನೂನಿನ ಬಾಗಿಲನ್ನೇ ತಟ್ಟಬೇಕಾದ ಪ್ರಶ್ನೆ. 1916ರ ಅಕ್ಟೋಬರ್ ಹೊತ್ತಿಗೆ ಅವರು ಲಂಡನ್ನಿನಲ್ಲಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರಕ್ಕೂ ಗ್ರೇಸ್ ಇನ್‌ನಲ್ಲಿ ವಕೀಲಿಗೂ ಒಟ್ಟಿಗೆ ಹೆಸರು ನೋಂದಾಯಿಸಿದರು. ಇನ್ ಎಂದರೆ ಇಂದಿನ ಕಾನೂನು ಕಾಲೇಜಿನಂತಹ ಸಂಸ್ಥೆಯಲ್ಲ. ಶತಮಾನಗಳಿಂದ ಬಂದ ವಕೀಲರ ಕೂಟ. ನಿಗದಿತ ಅವಧಿಗಳಲ್ಲಿ ಅಲ್ಲಿನ ಭೋಜನಶಾಲೆಯಲ್ಲಿ ಊಟಕ್ಕೆ ಹಾಜರಾಗಬೇಕು, ಪ್ರತ್ಯೇಕವಾಗಿ ನಡೆಯುವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆಮೇಲೆ ವಕೀಲರ ಪಟ್ಟಿಗೆ ಕರೆ ಬರುತ್ತದೆ. ಹಗಲನ್ನು ಇನ್ನೊಂದು ಶಾಸ್ತ್ರಕ್ಕೆ ಕೊಡಲು ಅಲ್ಲಿ ಅವಕಾಶವಿತ್ತು. ಗ್ರೇಸ್ ಇನ್, ಎಲ್‌ಎಸ್‌ಇ, ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯ, ಈ ಮೂರೂ ಒಂದರಿಂದ ಮತ್ತೊಂದಕ್ಕೆ ನಡೆದು ಹೋಗಬಹುದಾದ ದೂರದಲ್ಲಿವೆ. ಯಾವ ವಿಶ್ವವಿದ್ಯಾಲಯವೂ ರೂಪಿಸಿಕೊಡದ ಜೋಡಿ ಪದವಿಯನ್ನು ಆ ತರುಣ ತನ್ನ ಕಾಲ್ನಡಿಗೆಯಲ್ಲೇ ಕಟ್ಟಿಕೊಂಡಿದ್ದ.

ಆದರೆ ವಿದ್ಯಾರ್ಥಿವೇತನಕ್ಕೆ ಗಡಿಯಾರವಿರುತ್ತದೆ. 1917ರಲ್ಲಿ ಬರೋಡಾದಿಂದ ಹಿಂದಿರುಗುವಂತೆ ಕರೆ ಬಂತು. ನಾಲ್ಕು ವರ್ಷಗಳೊಳಗೆ ಮರಳಿ ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿ ಪಡೆದು ಅವರು ಭಾರತದ ಹಡಗು ಹತ್ತಿದರು. ಬೇರೊಂದು ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಯುದ್ಧಕಾಲದ ಟಾರ್ಪಿಡೊ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಬರೋಡಾದಲ್ಲಿ ಅವರು ಮಹಾರಾಜರ ಸೇನಾ ಕಾರ್ಯದರ್ಶಿ. ಹುದ್ದೆ ದೊಡ್ಡದು, ಆದರೆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಮಾಚಿ ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಜಾತಿ ತಿಳಿದಾಗ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಕೊಲಂಬಿಯಾದ ಎಂ.ಎ. ಪದವಿ ಅಂದು ಸಂಜೆ ಅವರಿಗೊಂದು ಸೂರು ಒದಗಿಸಲಿಲ್ಲ. ಹತ್ತು ವರ್ಷಗಳ ಕರಾರು ಕೆಲವೇ ವಾರಗಳಲ್ಲಿ ಮುರಿದುಬಿತ್ತು.

1918ರ ನವೆಂಬರ್‌ನಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಅಧ್ಯಾಪಕರ ಕೊಠಡಿಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂತು. ಅವರು ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ನೆರವಾದರು. ಕೊಲಂಬಿಯಾದ ದಿನಗಳ ಪಾರ್ಸಿ ಗೆಳೆಯ ನವಲ್ ಭಾತೇನಾ ಸಾಲ ಕೊಟ್ಟರು. ಹೀಗೆ ಕೂಡಿದ ಹಣದೊಂದಿಗೆ 1920ರಲ್ಲಿ, ಅನುಮತಿಯ ಗಡುವು ಮುಗಿಯುವ ಮುನ್ನ, ಮತ್ತೆ ಲಂಡನ್ ಸೇರಿದರು. ಮುಂಬೈನಲ್ಲಿ ಪತ್ನಿ ರಮಾಬಾಯಿ ಬಡತನದಲ್ಲಿ ಸಂಸಾರ ತೂಗಿಸುತ್ತಿದ್ದರು. ದೊಡ್ಡವರ ಉನ್ನತ ವ್ಯಾಸಂಗದ ಕಥೆ ಹೇಳುವಾಗ ಆ ಖರ್ಚಿನ ಲೆಕ್ಕದಲ್ಲಿ ಹೆಂಗಸರ ಹೆಸರನ್ನು ನಾವು ಬರೆಯುವುದೇ ಇಲ್ಲ. ಈ ಪದವಿಗಳ ಶುಲ್ಕದಲ್ಲಿ ಆಕೆಯ ಪಾಲೂ ಇದೆ.

ಎರಡನೆಯ ಸಲದ ಲಂಡನ್ ವಾಸ ತಪಸ್ಸಿನಂಥದ್ದು. ಬೆಳಿಗ್ಗೆ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆರೆಯುವುದನ್ನೇ ಕಾದು ಒಳಹೊಕ್ಕರೆ ಮುಚ್ಚುವವರೆಗೆ ಅಲ್ಲಿಯೇ. ಬಾಡಿಗೆ ಕೋಣೆಯ ಊಟ ಹೊಟ್ಟೆಗೆ ಸಾಲದೆ, ರಾತ್ರಿ ಓದುವಾಗ ಹಪ್ಪಳ ತಿಂದು ಹಸಿವು ತಣಿಸಿಕೊಳ್ಳುತ್ತಿದ್ದರೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. 1921ರಲ್ಲಿ ಎಂ.ಎಸ್ಸಿ. ಬಂತು. 1922ರ ಜೂನ್‌ನಲ್ಲಿ ಗ್ರೇಸ್ ಇನ್ ಅವರನ್ನು ಬ್ಯಾರಿಸ್ಟರ್ ಎಂದು ಪಟ್ಟಿಗೆ ಸೇರಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಡಿ.ಎಸ್ಸಿ. ಪ್ರಬಂಧ ಸಲ್ಲಿಸಿದರು. ಪರೀಕ್ಷಕರು ಅದನ್ನು ಇದ್ದಂತೆ ಒಪ್ಪಲಿಲ್ಲ, ತಿದ್ದಿ ಬರೆಯುವಂತೆ ಹಿಂದಿರುಗಿಸಿದರು. ಕೈಯಲ್ಲಿ ಹಣ ಮುಗಿದಿತ್ತು. 1923ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂದು ಇಲ್ಲಿಂದಲೇ ತಿದ್ದಿ ಕಳುಹಿಸಿದರು. ಆ ವರ್ಷದ ಕೊನೆಯಲ್ಲಿ ಡಿ.ಎಸ್ಸಿ. ಕೈಸೇರಿತು. ಕೊಲಂಬಿಯಾದ ಪಿಎಚ್.ಡಿ. ಇನ್ನೂ ತಡವಾಯಿತು. ಪ್ರಬಂಧವನ್ನು ಮುದ್ರಿಸಿ ಪ್ರತಿಗಳನ್ನು ಒಪ್ಪಿಸಬೇಕೆಂಬುದು ಅಲ್ಲಿನ ನಿಯಮ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ವಿಕಾಸವನ್ನು ಕುರಿತ ಆ ಗ್ರಂಥ 1925ರಲ್ಲಿ ಹೊರಬಂದು, ಪದವಿ 1927ರಲ್ಲಿ ಬಂತು. ಅಮೆರಿಕಕ್ಕೆ ಹೊರಟ ದಿನದಿಂದ ಎಣಿಸಿದರೆ ಹದಿನಾಲ್ಕು ವರ್ಷ.

ಇಷ್ಟು ಓದಿದವರಿಗೆ ಕಕ್ಷಿದಾರರ ಸಾಲು ನಿಂತಿರಬೇಕೆಂದು ನಾವು ಊಹಿಸುತ್ತೇವೆ. ನಡೆದದ್ದು ಬೇರೆ. ವಕೀಲಿ ಸನ್ನದು ಪಡೆಯಲು ಬೇಕಾದ ಹಣವನ್ನೂ ಗೆಳೆಯ ಭಾತೇನಾ ಅವರಿಂದಲೇ ಪಡೆಯಬೇಕಾಯಿತು. ಮುಂಬೈ ಹೈಕೋರ್ಟಿನಲ್ಲಿ ಬ್ಯಾರಿಸ್ಟರಿಗೆ ಮೊಕದ್ದಮೆಗಳು ಬರುತ್ತಿದ್ದುದು ಸಾಲಿಸಿಟರುಗಳ ಮೂಲಕ. ಅಸ್ಪೃಶ್ಯ ಬ್ಯಾರಿಸ್ಟರಿಗೆ ಕಡತ ಕೊಡುವ ಸಾಲಿಸಿಟರುಗಳು ವಿರಳವಾಗಿದ್ದರು. ಜಿಲ್ಲಾ ನ್ಯಾಯಾಲಯಗಳ ಸಣ್ಣಪುಟ್ಟ ಪ್ರಕರಣಗಳೇ ಗತಿ. ಜೀವನೋಪಾಯಕ್ಕೆ 1925ರಿಂದ ಲೆಕ್ಕಶಾಸ್ತ್ರದ ತರಬೇತಿ ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನಿನ ಅರೆಕಾಲಿಕ ಪಾಠ ಹೇಳಿದರು. ಅದೇ ಕಾಲದಲ್ಲಿ ಭಾರತದ ನಾಣ್ಯ ವ್ಯವಸ್ಥೆಯ ವಿಚಾರಣೆಗೆ ಬಂದ ಹಿಲ್ಟನ್ ಯಂಗ್ ಆಯೋಗದ ಮುಂದೆ ತಜ್ಞರಾಗಿ ಸಾಕ್ಷ್ಯ ನುಡಿದರು. ದೇಶದ ನಾಣ್ಯ ನೀತಿಯ ಬಗ್ಗೆ ಅವರ ಮಾತಿಗೆ ಕಿವಿಗೊಟ್ಟ ಅದೇ ನಗರ ಅವರ ಕೈಗೆ ಒಂದು ದಾವೆಯ ಕಡತ ಕೊಡಲು ಹಿಂಜರಿಯಿತು.

ಎರಡು ಓದುಗಳು ಬೆರೆತು ಕೆಲಸ ಮಾಡಿದ್ದನ್ನು ನಾನು ಮಹಾಡ್ ಪ್ರಕರಣದಲ್ಲಿ ಕಾಣುತ್ತೇನೆ. 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಹೋಗಿ ಅವರು ಚವದಾರ್ ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು. ಅದರ ನಂತರದ ಕಥೆ ಅಷ್ಟಾಗಿ ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ಎರಡನೆಯ ಸತ್ಯಾಗ್ರಹಕ್ಕೆ ಸಿದ್ಧತೆ ನಡೆದಿರುವಾಗ ಊರಿನ ಸವರ್ಣೀಯರು ಅಂಬೇಡ್ಕರ್ ಮತ್ತಿತರರ ಮೇಲೆ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಕೆರೆ ತಮ್ಮ ಖಾಸಗಿ ಸ್ವತ್ತು, ಅಸ್ಪೃಶ್ಯರನ್ನು ದೂರವಿಡುವುದು ಅನಾದಿ ಕಾಲದ ರೂಢಿ ಎಂಬುದು ಅವರ ವಾದ. ಸೇರಿದ್ದ ಜನಸ್ತೋಮ ಕೆರೆಗೆ ಇಳಿಯಲು ಕಾತರವಾಗಿತ್ತು. ಅಂಬೇಡ್ಕರ್ ತಡೆದರು. ನ್ಯಾಯಾಲಯದ ಆಜ್ಞೆಗೆ ತಲೆಬಾಗಿ, ಹೋರಾಟವನ್ನು ನ್ಯಾಯಾಲಯದೊಳಗೇ ನಡೆಸಿದರು.

ಅಲ್ಲಿ ಧರ್ಮದ ಚರ್ಚೆಯಿಂದ ದಾವೆ ಗೆಲ್ಲುವಂತಿರಲಿಲ್ಲ. ಕೆರೆ ಯಾರದು, ಅದರ ಒಡೆತನ ಪುರಸಭೆಯದೋ ಖಾಸಗಿಯದೋ, ರೂಢಿಯೆಂಬುದಕ್ಕೆ ಪುರಾವೆ ಎಷ್ಟು ಹಳೆಯದು ಎಂಬ ಪ್ರಶ್ನೆಗಳಿದ್ದವು. ಇವು ಕಾನೂನಿನ ಪ್ರಶ್ನೆಗಳಾದರೂ ಇವುಗಳ ಉತ್ತರ ಇರುವುದು ಇತಿಹಾಸದಲ್ಲಿ, ದಾಖಲೆಗಳಲ್ಲಿ, ಸಾರ್ವಜನಿಕ ಸ್ವತ್ತೆಂದರೇನು ಎಂಬ ತಿಳಿವಳಿಕೆಯಲ್ಲಿ. ಕೆಳಗಿನ ಎರಡು ನ್ಯಾಯಾಲಯಗಳನ್ನು ದಾಟಿದ ದಾವೆ ಹೈಕೋರ್ಟಿನಲ್ಲಿ 1937ರ ಮಾರ್ಚ್ 17ರಂದು ಮುಗಿಯಿತು. ಅನಾದಿ ರೂಢಿ ಸಾಬೀತಾಗಿಲ್ಲವೆಂದು ನ್ಯಾಯಾಲಯ ಹೇಳಿತು. ಒಂದು ಗುಟುಕು ನೀರಿನ ಹಕ್ಕನ್ನು ಕಾಗದದ ಮೇಲೆ ಸ್ಥಾಪಿಸಲು ಒಂಬತ್ತು ವರ್ಷಕ್ಕೂ ಮೀರಿದ ಕಾಲ ಹಿಡಿಯಿತು. ನನ್ನ ವಿದ್ಯಾರ್ಥಿಗಳು ಪ್ರಬಂಧವನ್ನು ಒಂದು ತಿಂಗಳಲ್ಲಿ ಮುಗಿಸಿ ತಂದಾಗ ಈ ಅವಧಿಯನ್ನು ನೆನಪಿಸುತ್ತಿದ್ದೆ.

ಬೋಧಕರಾಗಿಯೂ ಅವರು ಈ ಮಾತನ್ನು ಬಿಡಲಿಲ್ಲ. ಮುಂಬೈನ ಸರ್ಕಾರಿ ಕಾನೂನು ಕಾಲೇಜಿನಲ್ಲಿ 1928ರಿಂದ ಪಾಠ ಹೇಳಿದ್ದ ಅವರು 1935ರಲ್ಲಿ ಅಲ್ಲಿನ ಪ್ರಾಂಶುಪಾಲರಾದರು. ಮರುವರ್ಷ ಕಾಲೇಜಿನ ಪತ್ರಿಕೆಯಲ್ಲಿ ಮುಂಬೈ ಪ್ರಾಂತದ ಕಾನೂನು ಶಿಕ್ಷಣದ ಸುಧಾರಣೆಯನ್ನು ಕುರಿತು ಲೇಖನ ಬರೆದರು. ಕಲಮುಗಳ ಕಂಠಪಾಠದಿಂದ ವಕೀಲ ರೂಪುಗೊಳ್ಳುವುದಿಲ್ಲ, ಕಾನೂನಿಗೆ ಹೊಂದಿಕೊಂಡ ಇತರ ಶಾಸ್ತ್ರಗಳ ತಳಹದಿ ಅವನಿಗೆ ಬೇಕು ಎಂಬುದು ಅದರ ಒಟ್ಟು ನಿಲುವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಲಾ ವಿಷಯಗಳನ್ನೂ ಕಾನೂನನ್ನೂ ಐದು ವರ್ಷ ಒಟ್ಟಿಗೆ ಓದಿಸುವ ತರಗತಿಗಳು 1988ರಲ್ಲಿ ಆರಂಭವಾದಾಗ ನಾವೆಲ್ಲ ಅದನ್ನು ಹೊಸ ಪ್ರಯೋಗವೆಂದು ಕೊಂಡಾಡಿದೆವು. ಅದರ ಹಿಂದಿನ ಚಿಂತನೆ ಅರ್ಧ ಶತಮಾನದಷ್ಟು ಹಳೆಯದು.

ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಖಾತೆ ವಹಿಸಿಕೊಂಡಾಗ ಅವರ ಅರ್ಥಶಾಸ್ತ್ರ ಕಾಯ್ದೆಯ ರೂಪ ತಳೆಯಿತು. ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 48 ಗಂಟೆಗಳಿಗೆ ಇಳಿಸಿದ 1946ರ ತಿದ್ದುಪಡಿ ಅವರ ಅವಧಿಯದು. 1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾದಾಗ, ಕೇಂದ್ರ ಮತ್ತು ಪ್ರಾಂತಗಳ ನಡುವೆ ಹಣ ಹೇಗೆ ಹಂಚಿಹೋಗುತ್ತದೆಂಬುದರ ಮೇಲೆಯೇ ಪಿಎಚ್.ಡಿ. ಬರೆದವರು ಅದರ ಅಧ್ಯಕ್ಷರಾಗಿದ್ದರು. ಹಣಕಾಸು ಆಯೋಗವನ್ನು ಕುರಿತ 280ನೇ ವಿಧಿ ಒಬ್ಬರ ಕೈಬರಹವೆಂದು ನಾನು ಹೇಳಲಾರೆ. 1935ರ ಕಾಯ್ದೆ, ತಜ್ಞರ ಸಮಿತಿ, ಸಭೆಯ ಚರ್ಚೆ ಎಲ್ಲವೂ ಅದರ ಹಿಂದಿವೆ. ಆದರೆ ಲೆಕ್ಕ ಪರಿಶೋಧಕರು ಏಕೆ ಸ್ವತಂತ್ರವಾಗಿರಬೇಕು, ಅವರ ಹೊಣೆ ಎಷ್ಟು ದೊಡ್ಡದು ಎಂದು ಸಂವಿಧಾನ ಸಭೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ವಾದಿಸಿದ್ದರ ಹಿಂದೆ ಸೆಲಿಗ್‌ಮನ್ ಅವರ ತರಗತಿಯ ವಿದ್ಯಾರ್ಥಿ ನನಗೆ ಕಾಣುತ್ತಾರೆ. 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ಜೂನ್ 5ರಂದು ಕೊಲಂಬಿಯಾದಲ್ಲಿ ಗೌರವ ಎಲ್‌ಎಲ್‌.ಡಿ. ಸ್ವೀಕರಿಸಿದರು. 1956ರ ಡಿಸೆಂಬರ್ 6ರಂದು ತೀರಿಕೊಂಡರು.

ಈ ಬದುಕನ್ನು ಸಾಧನೆಯ ಕಥೆಯೆಂದು ಮಾತ್ರ ಓದಿದರೆ ನಾವು ಸುಲಭವಾಗಿ ಪಾರಾಗುತ್ತೇವೆ. ಕಷ್ಟಪಟ್ಟರೆ ಯಾರೂ ಓದಬಹುದು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಅಂಬೇಡ್ಕರರ ಓದು ಕಷ್ಟದಿಂದ ಸಾಧ್ಯವಾಯಿತು ಎಂಬುದಕ್ಕಿಂತ, ಹಣದ ಗಡುವು ಮುಗಿದು ಮೂರು ವರ್ಷ ನಿಂತುಹೋಯಿತು ಎಂಬುದೂ ಅಷ್ಟೇ ನಿಜ. ಗೆಳೆಯನೊಬ್ಬ ಸಾಲ ಕೊಡದಿದ್ದರೆ? ವಿಶ್ವವಿದ್ಯಾಲಯ ನಾಲ್ಕು ವರ್ಷದ ಅವಕಾಶ ನೀಡದಿದ್ದರೆ? ಇಂದು ನಮ್ಮಲ್ಲಿಯೂ ಒಂದು ವರ್ಷದ ಎಲ್‌ಎಲ್‌.ಎಂ. ಇದೆ, ಹೊರದೇಶಗಳಲ್ಲಿ ಕಾನೂನಿನ ಜೊತೆ ಅರ್ಥಶಾಸ್ತ್ರ, ಆಡಳಿತ, ಸಾರ್ವಜನಿಕ ನೀತಿ ಬೆರೆತ ಜೋಡಿ ಪದವಿಗಳಿವೆ. ಪಟ್ಟಿ ಉದ್ದವಾಗಿದೆ, ಆದರೆ ಹೆಚ್ಚು ವರ್ಷ ಬೇಡುವ ಓದು ಹೆಚ್ಚು ಹಣವಿದ್ದವರ ಓದಾಗುತ್ತಿದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳು ಮತ್ತಿತರರಿಗೆ ಕೇಂದ್ರ ಸರ್ಕಾರ ನೀಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಮಾರ್ಗಸೂಚಿಯನ್ನು 2022ರಲ್ಲಿ ಬದಲಿಸಿ, ಭಾರತದ ಸಂಸ್ಕೃತಿ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಡಲಾಯಿತು. ಅಂಥ ವಿಷಯಗಳನ್ನು ದೇಶದಲ್ಲೇ ಓದಬಹುದಲ್ಲ ಎಂಬುದು ಸಮರ್ಥನೆ. 1913ರ ಬರೋಡಾ ಸಂಸ್ಥಾನ ಇಂಥ ಷರತ್ತು ಹಾಕಿದ್ದರೆ ಪ್ರಾಚೀನ ಭಾರತದ ವಾಣಿಜ್ಯದ ಮೇಲಿನ ಆ ಎಂ.ಎ. ಪ್ರಬಂಧ, ಜಾತಿಗಳ ಉಗಮದ ಆ ಗೋಷ್ಠಿ ಪ್ರಬಂಧ ಏನಾಗುತ್ತಿದ್ದವು? ಮಹಾರಾಜರು ಹತ್ತು ವರ್ಷದ ಸೇವೆ ಕೇಳಿದರು. ಪ್ರಶ್ನೆಯನ್ನು ಮಾತ್ರ ವಿದ್ಯಾರ್ಥಿಗೇ ಬಿಟ್ಟರು. ಅಂಬೇಡ್ಕರ್ ಪ್ರಾಂತೀಯ ಹಣಕಾಸಿನ ಗ್ರಂಥವನ್ನು ಅವರಿಗೇ ಅರ್ಪಿಸಿದರು.

ಹುಡುಗಿಗೆ ನಾನು ಯಾವ ಪ್ರವೇಶ ಪತ್ರದ ಪರವಾಗಿಯೂ ವಾದಿಸಲಿಲ್ಲ. ಕೋರ್ಟಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ಕಾನೂನು ಪುಸ್ತಕದಿಂದ ಉತ್ತರ ಸಿಗದೆ ನಿದ್ದೆಗೆಡಿಸಿದ ಪ್ರಶ್ನೆ ಯಾವುದು ಎಂದು ಮಾತ್ರ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಭೂಸ್ವಾಧೀನದ ಪ್ರಕರಣಗಳಲ್ಲಿ ಪರಿಹಾರದ ಮೊತ್ತ ಕಟ್ಟುವ ರೀತಿಯ ಬಗ್ಗೆ ಹೇಳತೊಡಗಿದಳು. ಗೇಣಿಗೆ ದುಡಿಯುವವನಿಗೆ, ಪಹಣಿಯಲ್ಲಿ ಹೆಸರಿಲ್ಲದ ಹೆಂಡತಿಗೆ ಆ ಲೆಕ್ಕದಲ್ಲಿ ಎಷ್ಟು ಸಿಗುತ್ತದೆ, ಏಕೆ ಅಷ್ಟೇ ಸಿಗುತ್ತದೆ ಎಂದು ಅರ್ಧ ಗಂಟೆ ಮಾತಾಡಿದಳು. ಅದು ಕಾನೂನಿನದೂ ಹೌದು, ಅರ್ಥಶಾಸ್ತ್ರದ್ದೂ ಹೌದು. ಮಾತು ಮುಗಿದಾಗ ಎರಡು ಪ್ರವೇಶ ಪತ್ರಗಳಲ್ಲಿ ಒಂದನ್ನು ಅವಳು ಚೀಲದೊಳಗೆ ಇಟ್ಟಳು. ಸಾಲದ ಅರ್ಜಿ ಮೇಜಿನ ಮೇಲೆಯೇ ಇತ್ತು. ಜಮೀನು ಅಡವಿಡುವ ಮುನ್ನ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕೋಣವೆಂದು ಹೇಳಿ, ನಾವಿಬ್ಬರೂ ಆ ಮಾರ್ಗಸೂಚಿಗಳನ್ನು ಸಾಲು ಸಾಲಾಗಿ ಓದಲು ಕುಳಿತೆವು.